ಡೀಲರ್ ಮಾರ್ಕಪ್ (ಸೀಮಿತ ತಯಾರಿಕೆಯ ಕಾರುಗಳು)

ಡೀಲರ್ ಮಾರ್ಕಪ್ ಎಂದರೆ ಹೊಸ ಕಾರೊಂದಕ್ಕೆ ತಯಾರಕ ಸಂಸ್ಥೆಯು ಸೂಚಿಸಿದ ಚಿಲ್ಲರೆ ಬೆಲೆಯ ಮೇಲೆ ಡೀಲರನು ತಾನಾಗಿ ಸೇರಿಸಿ ಕೇಳುವ ಹೆಚ್ಚುವರಿ ಮೊತ್ತ. ಈ ಪದ್ಧತಿಯು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಕಾರು ವ್ಯಾಪಾರದಲ್ಲಿ ರೂಢಿಯಲ್ಲಿದೆ. ಅಲ್ಲಿ ಇದನ್ನು ‘ಅಡಿಷನಲ್ ಡೀಲರ್ ಮಾರ್ಕಪ್’ (ಸಂಕ್ಷಿಪ್ತವಾಗಿ ಎಡಿಎಂ) ಎಂದು ಕರೆಯುತ್ತಾರೆ. ‘ಮಾರ್ಕೆಟ್ ಅಡ್ಜಸ್ಟ್‌ಮೆಂಟ್’, ಅಂದರೆ ಮಾರುಕಟ್ಟೆಗೆ ತಕ್ಕ ಹೊಂದಾಣಿಕೆ, ಎಂಬ ಸೌಮ್ಯವಾದ ಹೆಸರೂ ಇದಕ್ಕಿದೆ. ಸಾಮಾನ್ಯ ಕಾರುಗಳನ್ನು ಅಮೆರಿಕದ ಗ್ರಾಹಕರು ಚೌಕಾಸಿ ಮಾಡಿ ಸೂಚಿತ ಬೆಲೆಗಿಂತ ಕಡಿಮೆಗೆ ಕೊಳ್ಳುವುದೇ ವಾಡಿಕೆ. ಆದರೆ ವೇಗಕ್ಕೂ ಚಾಲನೆಯ ಸುಖಕ್ಕೂ ಹೆಸರಾಗಿ, ಬೇಡಿಕೆಗಿಂತ ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ಪರ್ಫಾರ್ಮೆನ್ಸ್ ಕಾರುಗಳ ವಿಷಯದಲ್ಲಿ ಚೌಕಾಸಿಯ ದಿಕ್ಕು ತಿರುಗಿಬಿಡುತ್ತದೆ. ಅಂಥ ಕಾರಿಗೆ ಹತ್ತಾರು ಸಾವಿರ ಡಾಲರ್ ಹೆಚ್ಚಿಗೆ ಕೇಳುವುದೂ, ಅದನ್ನು ತೆರಲು ಒಪ್ಪುವವರು ಸಿಗುವುದೂ ಅಪರೂಪವಲ್ಲ. ಹೀಗೆ ಹೆಚ್ಚಿಗೆ ಪಡೆಯುವುದು ಅಮೆರಿಕದ ಕಾನೂನಿಗೆ ವಿರುದ್ಧವಲ್ಲ.

ಸೂಚಿತ ಬೆಲೆ ಎಂದರೇನು

ಭಾರತದ ಓದುಗರಿಗೆ ಈ ಪದ್ಧತಿ ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುವುದು ಸಹಜ. ಇಲ್ಲಿ ಪೊಟ್ಟಣ ಕಟ್ಟಿ ಮಾರುವ ಸರಕುಗಳ ಮೇಲೆ ಮುದ್ರಿಸುವ ಎಂಆರ್‌ಪಿ ಒಂದು ಗರಿಷ್ಠ ಮಿತಿ. ಬಿಸ್ಕತ್ತಿನ ಪೊಟ್ಟಣಕ್ಕೆ ಅದರ ಮೇಲಿರುವ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಪಡೆದರೂ ಅದು ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ಅಪರಾಧ. ಅಮೆರಿಕದ ಕಾರಿನ ಗಾಜಿನ ಮೇಲೆ ಅಂಟಿಸಿರುವ ಎಂಎಸ್‌ಆರ್‌ಪಿ ಹಾಗಲ್ಲ. ಅದರ ಪೂರ್ಣ ಅರ್ಥ ‘ತಯಾರಕರು ಸೂಚಿಸಿದ ಚಿಲ್ಲರೆ ಬೆಲೆ’. ಅದು ಕೇವಲ ಸೂಚನೆ. ಅದಕ್ಕಿಂತ ಕಡಿಮೆಗೆ ಮಾರುವ ಸ್ವಾತಂತ್ರ್ಯವಿರುವಂತೆಯೇ ಹೆಚ್ಚಿಗೆ ಮಾರುವ ಸ್ವಾತಂತ್ರ್ಯವೂ ಡೀಲರನಿಗಿದೆ.

ಈ ಬೆಲೆಪಟ್ಟಿಯ ಹಿಂದೆ ಒಂದು ಚರಿತ್ರೆಯಿದೆ. 1950ರ ದಶಕದಲ್ಲಿ ಕಾರಿನ ನಿಜವಾದ ಬೆಲೆ ಏನೆಂಬುದು ಗ್ರಾಹಕನಿಗೆ ತಿಳಿಯುತ್ತಲೇ ಇರಲಿಲ್ಲ. ಬೆಲೆಯನ್ನು ಮೊದಲು ಉಬ್ಬಿಸಿ, ಬಳಿಕ ಭಾರಿ ರಿಯಾಯಿತಿ ಕೊಟ್ಟಂತೆ ತೋರಿಸುವ ಚಾಳಿ ವ್ಯಾಪಕವಾಗಿತ್ತು. ಒಕ್ಲಹೋಮಾ ರಾಜ್ಯದ ಸೆನೆಟರ್ ಮೈಕ್ ಮನ್ರೋನಿ ಅವರ ಪ್ರಯತ್ನದಿಂದ 1958ರಲ್ಲಿ ಆಟೊಮೊಬೈಲ್ ಮಾಹಿತಿ ಪ್ರಕಟಣಾ ಕಾಯಿದೆ ಜಾರಿಗೆ ಬಂದಿತು. ಪ್ರತಿಯೊಂದು ಹೊಸ ಕಾರಿನ ಗಾಜಿನ ಮೇಲೂ ಮೂಲ ಬೆಲೆ, ಸೇರಿಸಿದ ಸಲಕರಣೆಗಳ ಬೆಲೆ ಹಾಗೂ ಸಾಗಣೆ ವೆಚ್ಚವನ್ನು ತಯಾರಕನೇ ನಮೂದಿಸಬೇಕು. ಕಾರು ಗ್ರಾಹಕನ ಕೈಸೇರುವವರೆಗೆ ಆ ಪಟ್ಟಿಯನ್ನು ಯಾರೂ ಕೀಳಬಾರದು ಎಂದು ಅದು ವಿಧಿಸಿತು. ಇಂದಿಗೂ ಆ ಪಟ್ಟಿಯನ್ನು ‘ಮನ್ರೋನಿ ಸ್ಟಿಕರ್’ ಎಂದೇ ಕರೆಯುತ್ತಾರೆ. ಕಾಯಿದೆಯು ಬೆಲೆಯನ್ನು ಬಹಿರಂಗಪಡಿಸಿತೇ ಹೊರತು ಕಟ್ಟಿಹಾಕಲಿಲ್ಲ. ಆದುದರಿಂದ ಡೀಲರನು ಮನ್ರೋನಿ ಪಟ್ಟಿಯನ್ನು ಮುಟ್ಟದೆ, ಅದರ ಪಕ್ಕದಲ್ಲಿಯೇ ತನ್ನದೊಂದು ಪುರವಣಿ ಪಟ್ಟಿಯನ್ನು ಅಂಟಿಸುತ್ತಾನೆ. ಎಡಿಎಂ ಮೊತ್ತವು ಕಾಣಿಸಿಕೊಳ್ಳುವುದು ಈ ಎರಡನೆಯ ಪಟ್ಟಿಯಲ್ಲಿ. ಕೆಲವು ಡೀಲರುಗಳು ನೇರವಾಗಿ ಮೊತ್ತವನ್ನು ಬರೆಯದೆ, ಬಣ್ಣ ಕಾಪಾಡುವ ಲೇಪನ, ಚಕ್ರಗಳಿಗೆ ನೈಟ್ರೋಜನ್ ತುಂಬುವಿಕೆ, ಗಾಜಿನ ಮೇಲೆ ಸಂಖ್ಯೆ ಕೆತ್ತುವಿಕೆ ಮುಂತಾದವನ್ನು ಕಡ್ಡಾಯ ಮಾಡಿ, ಅವುಗಳ ನಿಜವಾದ ವೆಚ್ಚದ ಹಲವು ಪಟ್ಟು ಹಣ ಹಾಕುವುದೂ ಉಂಟು. ಹೆಸರು ಬೇರೆಯಾದರೂ ಪರಿಣಾಮ ಒಂದೇ.

ತಯಾರಕರು ತಡೆಯಲಾರರೇ

ತನ್ನ ಕಾರನ್ನು ತಾನು ಹೇಳಿದ ಬೆಲೆಗೇ ಮಾರುವಂತೆ ಡೀಲರನಿಗೆ ಕಂಪನಿಯು ಆಜ್ಞಾಪಿಸಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಡೀಲರನು ಕಂಪನಿಯ ನೌಕರನಲ್ಲ, ಏಜೆಂಟನೂ ಅಲ್ಲ. ಅವನು ಕಾರನ್ನು ಸಗಟು ಬೆಲೆಗೆ ಕೊಂಡು ಅದರ ಮಾಲೀಕನಾಗಿ, ಬಳಿಕ ಗ್ರಾಹಕನಿಗೆ ಮಾರುವ ಸ್ವತಂತ್ರ ವ್ಯಾಪಾರಿ. ಕಂಪನಿಗಳು ಡೀಲರುಗಳ ಮೇಲೆ ಸವಾರಿ ಮಾಡಬಾರದೆಂಬ ಉದ್ದೇಶದಿಂದ ಅಮೆರಿಕದ ರಾಜ್ಯಗಳು ಫ್ರಾಂಚೈಸ್ ಕಾನೂನುಗಳನ್ನು ರಚಿಸಿವೆ. ಇವು ಬಹುತೇಕ ರಾಜ್ಯಗಳಲ್ಲಿ ಡೀಲರುಗಳನ್ನು ಹೊಂದಿರುವ ಕಂಪನಿಯು ಗ್ರಾಹಕನಿಗೆ ನೇರವಾಗಿ ಮಾರುವುದನ್ನು ನಿರ್ಬಂಧಿಸುತ್ತವೆ. ಡೀಲರ್ ಹಕ್ಕನ್ನು ಸುಲಭವಾಗಿ ರದ್ದುಪಡಿಸಲೂ ಬಿಡುವುದಿಲ್ಲ. ಡೀಲರುಗಳೇ ಇಲ್ಲದೆ ಆರಂಭವಾದ ಟೆಸ್ಲಾ ಕಂಪನಿಗೆ ಮಾರ್ಕಪ್ ಸಮಸ್ಯೆ ಇಲ್ಲದಿರುವುದಕ್ಕೆ ಕಾರಣ ಇದೇ. ಬೆಲೆಯನ್ನು ಏರಿಸಬೇಕಾದರೆ ಅದು ತಾನೇ ಏರಿಸುತ್ತದೆ, ಲಾಭವೂ ಅದಕ್ಕೇ ಸೇರುತ್ತದೆ.

ಇದರ ಜೊತೆಗೆ ಏಕಸ್ವಾಮ್ಯ ವಿರೋಧಿ ಕಾನೂನಿನ ಇತಿಹಾಸವೂ ಇದೆ. ಡಾ. ಮೈಲ್ಸ್ ಔಷಧ ಕಂಪನಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1911ರಲ್ಲಿ, ತಯಾರಕನು ಚಿಲ್ಲರೆ ವ್ಯಾಪಾರಿಗೆ ಕನಿಷ್ಠ ಬೆಲೆಯನ್ನು ವಿಧಿಸುವಂತಿಲ್ಲವೆಂದು ತೀರ್ಪಿತ್ತಿತು. 1968ರ ಆಲ್ಬ್ರೆಕ್ಟ್ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಗಿ, ಗರಿಷ್ಠ ಬೆಲೆಯನ್ನು ವಿಧಿಸುವುದೂ ತಪ್ಪೆಂದಿತು. ಆ ಮೊಕದ್ದಮೆಗೆ ಕಾರಣ ಕಾರಲ್ಲ, ಮನೆಮನೆಗೆ ಹಾಕುವ ದಿನಪತ್ರಿಕೆ. ಪತ್ರಿಕೆಯವರು ಪ್ರಕಟಿಸಿದ ದರಕ್ಕಿಂತ ಹೆಚ್ಚಿಗೆ ಪಡೆಯುತ್ತಿದ್ದ ವಿತರಕನನ್ನು ಪತ್ರಿಕೆಯು ತಡೆಯಲು ಹೋದಾಗ, ನ್ಯಾಯಾಲಯವು ವಿತರಕನ ಪರ ನಿಂತಿತು. ಗ್ರಾಹಕನನ್ನು ರಕ್ಷಿಸಲೆಂದು ಹುಟ್ಟಿದ ಕಾನೂನೇ ಸುಮಾರು ಮೂರು ದಶಕಗಳ ಕಾಲ ಗ್ರಾಹಕನಿಗೆ ಅನುಕೂಲವಾಗುವ ಬೆಲೆಮಿತಿಗೆ ಅಡ್ಡಿಯಾಗಿದ್ದುದು ಒಂದು ವಿಪರ್ಯಾಸ. 1997ರಲ್ಲಿ ಪೆಟ್ರೋಲ್ ಬಂಕ್ ಒಂದರ ವ್ಯಾಜ್ಯದಲ್ಲಿ (ಸ್ಟೇಟ್ ಆಯಿಲ್ ವಿರುದ್ಧ ಖಾನ್) ಆ ತೀರ್ಪನ್ನು ನ್ಯಾಯಾಲಯವೇ ತಳ್ಳಿಹಾಕಿತು. ಆ ಮೇಲೆ ಗರಿಷ್ಠ ಬೆಲೆ ವಿಧಿಸುವುದು ತಾನಾಗಿಯೇ ಅಪರಾಧವಲ್ಲವೆಂದಾದರೂ, ರಾಜ್ಯಗಳ ಫ್ರಾಂಚೈಸ್ ಕಾನೂನುಗಳು ಹಾಗೆಯೇ ಉಳಿದುದರಿಂದ ಕಾರು ಕಂಪನಿಗಳು ಬಹಿರಂಗವಾಗಿ ಆಜ್ಞೆ ಹೊರಡಿಸಲು ಹಿಂಜರಿಯುತ್ತವೆ. ಅವುಗಳ ಕೈಯಲ್ಲಿ ಉಳಿದಿರುವ ಮುಖ್ಯ ಅಸ್ತ್ರವೆಂದರೆ ಕಾರುಗಳ ಹಂಚಿಕೆ.

ಹಂಚಿಕೆಯ ಪದ್ಧತಿ

ಯಾವ ಡೀಲರನಿಗೆ ಎಷ್ಟು ಕಾರು ಎಂಬುದನ್ನು ಕಂಪನಿಯು ಸಾಮಾನ್ಯವಾಗಿ ಅವನ ಹಿಂದಿನ ಮಾರಾಟದ ಆಧಾರದ ಮೇಲೆ ತೀರ್ಮಾನಿಸುತ್ತದೆ. ಹೆಚ್ಚು ಮಾರಿದವನಿಗೆ ಹೆಚ್ಚು ಕಾರು. ಈ ಲೆಕ್ಕದಂತೆ ದೊಡ್ಡ ನಗರದ ಡೀಲರನಿಗೆ ಅಪರೂಪದ ಮಾದರಿಯ ಹತ್ತಾರು ಕಾರುಗಳು ದೊರೆತರೆ, ಸಣ್ಣ ಊರಿನವನಿಗೆ ವರ್ಷಕ್ಕೆ ಒಂದು ದೊರೆಯಬಹುದು, ದೊರೆಯದೆಯೂ ಇರಬಹುದು. ಆ ಒಂದೇ ಕಾರಿಗೆ ಇಪ್ಪತ್ತು ಮಂದಿ ಹೆಸರು ಬರೆಸಿರುತ್ತಾರೆ. ಅದನ್ನು ಯಾರಿಗೆ ಕೊಡಬೇಕೆಂಬುದು ಡೀಲರನ ಇಷ್ಟ. ಮೊದಲು ಬಂದವನಿಗೆ ಕೊಡಬಹುದು, ಹಳೆಯ ಗಿರಾಕಿಗೆ ಕೊಡಬಹುದು, ಹೆಚ್ಚು ಹಣ ಕೊಡುವವನಿಗೂ ಕೊಡಬಹುದು. ಸೂಚಿತ ಬೆಲೆಗೇ ಮಾರುತ್ತೇವೆಂದು ಪ್ರಕಟಿಸಿ ಹೆಸರು ಗಳಿಸಿರುವ ಡೀಲರುಗಳೂ ಅಮೆರಿಕದಲ್ಲಿದ್ದಾರೆ. ಅಂಥವರ ಬಳಿ ಸರದಿಯ ಪಟ್ಟಿ ವರ್ಷಗಟ್ಟಲೆ ಉದ್ದವಾಗಿರುತ್ತದೆ. ಹೀಗಾಗಿ ಗ್ರಾಹಕನು ಒಂದೋ ಹಣದಲ್ಲಿ ತೆರಬೇಕು, ಇಲ್ಲವೇ ಕಾಲದಲ್ಲಿ ತೆರಬೇಕು.

ಇತಿಹಾಸದ ಕೆಲವು ಪ್ರಸಂಗಗಳು

ಮಾರ್ಕಪ್ ಎಂಬುದು ಸಿರಿವಂತರ ಕಾರುಗಳಿಗೆ ಮಾತ್ರ ಅಂಟಿದ ಸಂಗತಿಯಲ್ಲ. 1989ರಲ್ಲಿ ಮಜ್ದಾ ಕಂಪನಿಯು ಮಿಯಾಟಾ ಎಂಬ ಎರಡು ಆಸನಗಳ ಪುಟ್ಟ ಕಾರನ್ನು 13,800 ಡಾಲರ್ ಮೂಲ ಬೆಲೆಗೆ ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಮೊದಲ ಬೇಸಗೆಯಲ್ಲಿಯೇ ಡೀಲರುಗಳು ಅದರ ಮೇಲೆ ಹಲವು ಸಾವಿರ ಡಾಲರ್ ಹೆಚ್ಚಿಗೆ ಕೇಳತೊಡಗಿದರು. ಆದರೆ ಮಿಯಾಟಾ ಸೀಮಿತ ತಯಾರಿಕೆಯ ಕಾರಾಗಿರಲಿಲ್ಲ. ಕಾರ್ಖಾನೆಯಿಂದ ಕಾರುಗಳು ಬರುತ್ತಲೇ ಇದ್ದವು, ಹೆಚ್ಚುವರಿ ಬೆಲೆಯೂ ಕರಗಿಹೋಯಿತು. ಮೊದಲ ತಿಂಗಳುಗಳಲ್ಲಿ ಹೆಚ್ಚಿಗೆ ತೆತ್ತವರಿಗೆ ಉಳಿದದ್ದು ಊರಿನಲ್ಲಿ ಮೊದಲಿಗರೆಂಬ ಸಂತೋಷ ಮಾತ್ರ. 1990ರ ದಶಕದ ಕೊನೆಯಿಂದ ಫೋಕ್ಸ್‌ವ್ಯಾಗನ್ ನ್ಯೂ ಬೀಟಲ್, ಕ್ರೈಸ್ಲರ್ ಪಿಟಿ ಕ್ರೂಸರ್, 2002ರ ಫೋರ್ಡ್ ಥಂಡರ್‌ಬರ್ಡ್ ಇವುಗಳ ವಿಷಯದಲ್ಲಿಯೂ ಇದೇ ಕಥೆ ಮರುಕಳಿಸಿತು. ಇವು ವೇಗದ ಕಾರುಗಳಲ್ಲ. ಆದರೂ ಹೊಸತೆಂಬ ಕಾತರವೊಂದೇ ಬೆಲೆಯನ್ನು ಏರಿಸಬಲ್ಲದೆಂಬುದನ್ನು ಇವು ತೋರಿಸಿದವು.

ಯೂರೋಪಿನಲ್ಲಿ ಪ್ರಸಂಗ ಬೇರೆ ರೂಪ ತಾಳಿತು. 1987ರಲ್ಲಿ ಫೆರಾರಿ ಎಫ್40 ಬಂದಿತು, ಮರುವರ್ಷ ಕಂಪನಿಯ ಸ್ಥಾಪಕ ಎಂಜೋ ಫೆರಾರಿ ತೀರಿಕೊಂಡರು. ಅವರ ಕಾಲದ ಕೊನೆಯ ಕಾರೆಂಬ ಕಾರಣದಿಂದ ಎಫ್40 ಕೈಯಿಂದ ಕೈಗೆ ಮೂಲ ಬೆಲೆಯ ಹಲವು ಪಟ್ಟಿಗೆ ಮಾರಾಟವಾಗತೊಡಗಿತು. ಬೇಡಿಕೆಯನ್ನು ಕಂಡ ಕಂಪನಿಯು ಮೊದಲು ಯೋಚಿಸಿದ್ದ ಸುಮಾರು 400ಕ್ಕೆ ನಿಲ್ಲದೆ 1,300ಕ್ಕೂ ಹೆಚ್ಚು ಕಾರುಗಳನ್ನು ತಯಾರಿಸಿತು. ಅಷ್ಟರಲ್ಲಿ 1990ರ ಆರ್ಥಿಕ ಹಿಂಜರಿತ ಬಂದು ಬೆಲೆ ಕುಸಿಯಿತು. ಅದೇ ಹಿಂಜರಿತಕ್ಕೆ ಸಿಕ್ಕಿದ ಇನ್ನೊಂದು ಕಾರು ಜಾಗ್ವಾರ್ ಎಕ್ಸ್‌ಜೆ220. 50,000 ಪೌಂಡ್ ಮುಂಗಡ ಕೊಟ್ಟು ಹೆಸರು ಬರೆಸಿದವರಲ್ಲಿ ಹಲವರು ಅದನ್ನು ಹೆಚ್ಚಿನ ಬೆಲೆಗೆ ಮಾರುವ ಆಸೆಯಿಂದಲೇ ಬಂದವರು. 1992ರಲ್ಲಿ ಕಾರು ಸಿದ್ಧವಾಗುವ ಹೊತ್ತಿಗೆ ಕೊಳ್ಳುವವರು ಮಾಯವಾಗಿದ್ದರು. ಹನ್ನೆರಡು ಸಿಲಿಂಡರಿನ ಎಂಜಿನ್ ಎಂದು ಹೇಳಿದ್ದ ಕಡೆ ಆರು ಸಿಲಿಂಡರಿನ ಟರ್ಬೊ ಎಂಜಿನ್ ಬಂದುದನ್ನು ಮುಂದಿಟ್ಟು ಕೆಲವರು ಒಪ್ಪಂದದಿಂದ ಬಿಡುಗಡೆ ಕೋರಿದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ತಯಾರಾದವು ಸುಮಾರು 280 ಕಾರುಗಳು.

2005ರ ಫೋರ್ಡ್ ಜಿಟಿ ಇದಕ್ಕೆ ವ್ಯತಿರಿಕ್ತವಾದ ನಿದರ್ಶನ. ಅದರ ಸೂಚಿತ ಬೆಲೆ ಸುಮಾರು 1,40,000 ಡಾಲರ್. ಆರಂಭದಲ್ಲಿ ಡೀಲರುಗಳು ದೊಡ್ಡ ಮೊತ್ತದ ಮಾರ್ಕಪ್ ಹೇರಿದರು. ಎರಡು ಮಾದರಿ ವರ್ಷಗಳಲ್ಲಿ 4,000ಕ್ಕಿಂತ ತುಸು ಹೆಚ್ಚು ಕಾರುಗಳನ್ನು ತಯಾರಿಸಿ ಫೋರ್ಡ್ ನಿಲ್ಲಿಸಿಬಿಟ್ಟಿತು. ಇಂದು ಆ ಕಾರಿನ ಬೆಲೆ ಮೂಲ ಬೆಲೆಯ ಎಷ್ಟೋ ಪಟ್ಟು. ಮಾರ್ಕಪ್ ತೆತ್ತು ಕೊಂಡು ಕಾರನ್ನು ಇಟ್ಟುಕೊಂಡವರೂ ಇಲ್ಲಿ ನಷ್ಟಪಡಲಿಲ್ಲ. ಮಾರ್ಕಪ್ ಸಮರ್ಥಕರು ಪದೇ ಪದೇ ಎತ್ತುವುದು ಇದೇ ಉದಾಹರಣೆಯನ್ನು. ಇಂಥವು ಕೆಲವೇ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಪೋರ್ಷೆ 911 ಆರ್ ಕಾರಿನ ಕಥೆ ಹೆಚ್ಚು ಬೋಧಪ್ರದ. 2016ರಲ್ಲಿ ಪ್ರಕಟವಾದ ಈ ಮಾದರಿಯಲ್ಲಿ 991 ಕಾರುಗಳು ಮಾತ್ರ. ಆ ಹೊತ್ತಿಗೆ ಪೋರ್ಷೆಯ ಜಿಟಿ3 ಕಾರುಗಳಲ್ಲಿ ಕೈಯಿಂದ ಬದಲಿಸುವ ಗೇರ್ ಇಲ್ಲವಾಗಿತ್ತು. 911 ಆರ್‌ನಲ್ಲಿ ಅದು ಮರಳಿ ಬಂದಿತ್ತು. ಅಮೆರಿಕದಲ್ಲಿ 1,84,900 ಡಾಲರ್ ಸೂಚಿತ ಬೆಲೆಯಿದ್ದ ಈ ಕಾರಿಗೆ ಕೆಲವೇ ತಿಂಗಳುಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಕೇಳುವವರು ಹುಟ್ಟಿಕೊಂಡರು. ಮರುವರ್ಷ ಪೋರ್ಷೆಯು ಸಂಖ್ಯೆಯ ಮಿತಿಯಿಲ್ಲದ ಜಿಟಿ3 ಕಾರಿನಲ್ಲಿಯೇ ಕೈಗೇರನ್ನು ಕೊಟ್ಟಿತು; ನೋಟದಲ್ಲಿ 911 ಆರ್‌ಗೆ ಹತ್ತಿರವಾದ ‘ಟೂರಿಂಗ್’ ಆವೃತ್ತಿಯನ್ನೂ ತಂದಿತು. 911 ಆರ್ ಬೆಲೆ ಇಳಿಯಿತು. ಮೂಲ ಬೆಲೆಗಿಂತ ಮೇಲೆಯೇ ಉಳಿಯಿತಾದರೂ, ಶಿಖರದಲ್ಲಿ ಕೊಂಡವರ ಹಣ ಹೋಯಿತು. ಕಾರು ಅಪರೂಪವಾಗಿಯೇ ಇತ್ತು, ಸಂಖ್ಯೆ 991ರಿಂದ ಒಂದೂ ಹೆಚ್ಚಲಿಲ್ಲ. ಅದರಲ್ಲಿದ್ದ ಅಪರೂಪದ ಗುಣ ಮಾತ್ರ ಬೇರೆ ಕಡೆಯೂ ಸಿಗುವಂತಾಯಿತು.

2017ರಲ್ಲಿ ಅಮೆರಿಕಕ್ಕೆ ಬಂದ ಹೋಂಡಾ ಸಿವಿಕ್ ಟೈಪ್ ಆರ್, 2023ರ ಟೊಯೋಟಾ ಜಿಆರ್ ಕೊರೋಲಾ ಇವು ಮಧ್ಯಮ ವರ್ಗದ ಕೈಗೆಟುಕಬೇಕಾದ ವೇಗದ ಕಾರುಗಳು. ಇವುಗಳ ಮೇಲೂ ಮಾರ್ಕಪ್ ಬಿದ್ದಿತು. ಕೋಟ್ಯಧಿಪತಿಗೆ 50,000 ಡಾಲರ್ ಹೆಚ್ಚಿಗೆ ಎನ್ನುವುದಕ್ಕಿಂತ, ಸುಮಾರು 35,000 ಡಾಲರಿನ ಟೈಪ್ ಆರ್‌ಗೆ 10,000 ಹೆಚ್ಚಿಗೆ ಎನ್ನುವುದು ಕೊಳ್ಳುವವನಿಗೆ ಹೆಚ್ಚು ತಟ್ಟುವ ಮಾತು.

ಕೋವಿಡ್ ಬಳಿಕದ ಚಿಪ್ ಕೊರತೆಯ ದಿನಗಳಲ್ಲಿ ಈ ಪದ್ಧತಿ ಎಲ್ಲ ಬಗೆಯ ಕಾರುಗಳಿಗೂ ಹರಡಿತು. ಎಡ್ಮಂಡ್ಸ್ ಸಂಸ್ಥೆಯ ಲೆಕ್ಕದಂತೆ 2022ರ ಜನವರಿಯಲ್ಲಿ ಅಮೆರಿಕದಲ್ಲಿ ಹೊಸ ಕಾರು ಕೊಂಡವರಲ್ಲಿ ಶೇ. 82 ಮಂದಿ ಸೂಚಿತ ಬೆಲೆಗಿಂತ ಹೆಚ್ಚು ತೆತ್ತಿದ್ದರು. ಒಂದು ವರ್ಷದ ಹಿಂದೆ ಈ ಪ್ರಮಾಣ ಶೇ. 3ಕ್ಕೂ ಕಡಿಮೆ ಇತ್ತು.

ಕಂಪನಿಗಳ ಪ್ರತಿತಂತ್ರಗಳು

ಆಜ್ಞಾಪಿಸುವ ಅಧಿಕಾರವಿಲ್ಲದ ಕಂಪನಿಗಳು ಆಮಿಷ ಮತ್ತು ನಿರ್ಬಂಧಗಳ ದಾರಿ ಹಿಡಿದಿವೆ. ಡಾಡ್ಜ್ ಕಂಪನಿಯು 700ಕ್ಕೂ ಹೆಚ್ಚು ಅಶ್ವಶಕ್ತಿಯ ಹೆಲ್‌ಕ್ಯಾಟ್ ಕಾರುಗಳ ಹಂಚಿಕೆಯನ್ನು, ಅವು ಡೀಲರನ ಅಂಗಳದಲ್ಲಿ ಎಷ್ಟು ದಿನ ನಿಲ್ಲುತ್ತವೆ ಎಂಬುದಕ್ಕೆ ಜೋಡಿಸಿತು. ಹೆಚ್ಚಿನ ಬೆಲೆ ಕೇಳುತ್ತ ಕಾರನ್ನು ನಿಲ್ಲಿಸಿಕೊಂಡವನಿಗೆ ಮುಂದಿನ ಕಾರು ತಡವಾಗುತ್ತದೆ. ಬೆಲೆಯ ಬಗ್ಗೆ ಒಂದು ಮಾತನ್ನೂ ಆಡದೆ ಬೆಲೆಯನ್ನು ಹಿಡಿಯುವ ಜಾಣತನ ಇದರಲ್ಲಿದೆ. 2018ರ ಡಾಡ್ಜ್ ಚಾಲೆಂಜರ್ ಡೀಮನ್ ವಿಷಯದಲ್ಲಿ ಕಂಪನಿಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 840 ಅಶ್ವಶಕ್ತಿಯ ಈ ಕಾರಿನ ಸೂಚಿತ ಬೆಲೆ 84,995 ಡಾಲರ್. ಅಮೆರಿಕಕ್ಕೆ 3,000, ಕೆನಡಾಕ್ಕೆ 300 ಎಂದು ಸಂಖ್ಯೆ ನಿಗದಿಯಾಗಿತ್ತು. ಸೂಚಿತ ಬೆಲೆಗೆ ಅಥವಾ ಅದಕ್ಕಿಂತ ಕಡಿಮೆಗೆ ಮಾರಾಟವಾದ ಕಾರುಗಳನ್ನು ಮೊದಲು ತಯಾರಿಸುವುದಾಗಿಯೂ, ಹೆಚ್ಚಿನ ಬೆಲೆಗೆ ಮಾರಿದವುಗಳ ಸರದಿ ಆಮೇಲೆ ಎಂದೂ ಡಾಡ್ಜ್ ಪ್ರಕಟಿಸಿತು. ಹೆಚ್ಚಿಗೆ ತೆತ್ತವನೇ ತಡವಾಗಿ ಪಡೆಯುವಂತಾಗುವ ಏರ್ಪಾಡಿದು.

ಫೋರ್ಡ್ ಕಂಪನಿಯು 2016ರಲ್ಲಿ ಹೊಸ ಜಿಟಿ ಕಾರಿಗಾಗಿ ಡೀಲರನ ವಿವೇಚನೆಯನ್ನೇ ತೆಗೆದುಹಾಕಿ, ಕೊಳ್ಳುವವರಿಂದ ತಾನೇ ಅರ್ಜಿ ಕರೆಯಿತು. ಮೊದಲ 500 ಕಾರುಗಳಿಗೆ 6,506 ಅರ್ಜಿಗಳು ಬಂದವು. ಆಯ್ಕೆಯಾದವರು 24 ತಿಂಗಳು ಕಾರನ್ನು ಮಾರುವುದಿಲ್ಲವೆಂದು ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಕುಸ್ತಿಪಟು ಹಾಗೂ ನಟ ಜಾನ್ ಸೀನಾ 4,63,376 ಡಾಲರ್ ಕೊಟ್ಟು ಪಡೆದ ಕಾರನ್ನು ಕೆಲವೇ ವಾರಗಳಲ್ಲಿ ಮಾರಿದಾಗ, ಫೋರ್ಡ್ 2017ರ ನವೆಂಬರಿನಲ್ಲಿ ಅವರ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ ವಿಷಯ ರಾಜಿಯಲ್ಲಿ ಮುಗಿಯಿತು. ರಾಜಿಯ ಹಣ ಧರ್ಮಕಾರ್ಯಕ್ಕೆ ಹೋಯಿತು. ಹಣದ ಮೊತ್ತಕ್ಕಿಂತ, ಕೊಂಡ ವಸ್ತುವನ್ನು ಮಾರುವ ಹಕ್ಕನ್ನು ಮಾರಿದವನು ಕಟ್ಟಿಹಾಕಬಹುದೇ ಎಂಬ ಪ್ರಶ್ನೆಯಿಂದಾಗಿ ಈ ಮೊಕದ್ದಮೆ ಗಮನ ಸೆಳೆಯಿತು.

ಜನರಲ್ ಮೋಟರ್ಸ್ ಕಂಪನಿಯು 2022ರಲ್ಲಿ ಡೀಲರುಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಅದೇ ವರ್ಷ ಕಾರ್ವೆಟ್ ಜೆಡ್06 ಕಾರನ್ನು ಒಂದು ವರ್ಷ ಇಟ್ಟುಕೊಂಡವರಿಗೆ 5,000 ಡಾಲರ್ ಮೌಲ್ಯದ ಬಹುಮಾನ ಅಂಕಗಳನ್ನು ಘೋಷಿಸಿತು. ವರ್ಷದೊಳಗೆ ಮಾರಿದರೆ ವಾರಂಟಿಯ ಕೆಲವು ಭಾಗಗಳು ಹೊಸ ಮಾಲೀಕನಿಗೆ ವರ್ಗವಾಗುವುದಿಲ್ಲವೆಂದೂ, ಮಾರಿದವನಿಗೆ ಮುಂದೆ ಅಂಥ ಕಾರುಗಳ ಬುಕಿಂಗ್ ಸಿಗದೆಂದೂ ಹೇಳಿತು.

ಗುತ್ತಿಗೆಯ ಉಪಾಯ ಇವೆಲ್ಲಕ್ಕಿಂತ ಹಳೆಯದು. ಫೆರಾರಿಯು 1990ರ ದಶಕದ ಮಧ್ಯದಲ್ಲಿ ಎಫ್50 ಕಾರನ್ನು ಅಮೆರಿಕದಲ್ಲಿ ಮೊದಲು ಲೀಸ್ ಆಧಾರದ ಮೇಲೆ ಕೊಟ್ಟಿತು. ಕಾರಿನ ಒಡೆತನ ಕೈಗೆ ಬಾರದಿದ್ದರೆ ಮಾರುವುದೂ ಸಾಧ್ಯವಿಲ್ಲ. ಲೆಕ್ಸಸ್ ತನ್ನ ಎಲ್‌ಎಫ್‌ಎ (ಒಟ್ಟು 500 ಕಾರುಗಳು) ವಿಷಯದಲ್ಲಿಯೂ, ಪೋರ್ಷೆಯು 1,963 ಸಂಖ್ಯೆಯ 911 ಎಸ್/ಟಿ ವಿಷಯದಲ್ಲಿಯೂ ಅಮೆರಿಕದಲ್ಲಿ ಇದೇ ಮಾರ್ಗವನ್ನು ಅನುಸರಿಸಿದವು. ಜಪಾನಿನಲ್ಲಿ ಟೊಯೋಟಾ ಜಿಆರ್ ಕೊರೋಲಾವನ್ನು ಲಾಟರಿ ಎತ್ತಿ ಹಂಚಲಾಯಿತು. ಫೆರಾರಿಯಂತಹ ಕಂಪನಿಗಳು ಇನ್ನೂ ಬಿಗಿಯಾಗಿ, ಅಪರೂಪದ ಮಾದರಿಗಳನ್ನು ತಮ್ಮ ಹಳೆಯ ಗಿರಾಕಿಗಳಿಗೆ ಮಾತ್ರ ಕೊಡುತ್ತವೆ. ಅಲ್ಲಿ ಮಾರ್ಕಪ್ ಕಾಣುವುದಿಲ್ಲ. ಆದರೆ ಆ ಸಾಲಿನಲ್ಲಿ ನಿಲ್ಲುವ ಅರ್ಹತೆ ಪಡೆಯಲು ಮೊದಲು ಬೇಡದ ಕೆಲವು ಕಾರುಗಳನ್ನು ಕೊಂಡಿರಬೇಕಾಗುತ್ತದೆ. ಅದೂ ಒಂದು ಬಗೆಯ ಹೆಚ್ಚುವರಿ ಬೆಲೆಯೇ. ಬೇಡಿಕೆಗಿಂತ ಒಂದು ಕಾರನ್ನು ಕಡಿಮೆ ತಯಾರಿಸಬೇಕೆಂಬ ನೀತಿಯನ್ನು ಎಂಜೋ ಫೆರಾರಿಯವರ ಹೆಸರಿಗೆ ಹಚ್ಚುತ್ತಾರೆ. ಎಫ್50 ಕಾರಿನ ಸಂಖ್ಯೆ 350 ಅಲ್ಲದೆ 349 ಆಗಿರುವುದು ಈ ನೀತಿಯ ದೆಸೆಯಿಂದಲೇ ಎನ್ನುವುದುಂಟು.

ಹೆಚ್ಚುವರಿ ಹಣದ ಅರ್ಥಶಾಸ್ತ್ರ

ಜನಪ್ರಿಯ ಸಿನಿಮಾದ ಮೊದಲ ವಾರದಲ್ಲಿ ಚಿತ್ರಮಂದಿರದ ಹೊರಗೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುವುದನ್ನು ಕಂಡವರಿಗೆ ಇದರ ಮೂಲತತ್ವ ಹೊಸದಲ್ಲ. ಟಿಕೆಟಿನ ದರ ನಿಶ್ಚಿತ, ಆಸನಗಳ ಸಂಖ್ಯೆ ನಿಶ್ಚಿತ, ನೋಡಬೇಕೆನ್ನುವವರು ಮಾತ್ರ ಹೆಚ್ಚು. ಹಾಗಾದಾಗ ನಿಗದಿತ ದರಕ್ಕೂ ಜನ ತೆರಲು ಸಿದ್ಧರಿರುವ ದರಕ್ಕೂ ನಡುವೆ ಒಂದು ಅಂತರ ಹುಟ್ಟುತ್ತದೆ. ಆ ಅಂತರವು ಯಾರದಾದರೂ ಜೇಬಿಗೆ ಹೋಗಲೇಬೇಕು. ಕಂಪನಿಯು ಸೂಚಿತ ಬೆಲೆಯನ್ನೇ ಏರಿಸಿದರೆ ಅದು ಕಂಪನಿಗೆ. ಡೀಲರನು ಮಾರ್ಕಪ್ ಹಾಕಿದರೆ ಡೀಲರನಿಗೆ. ಡೀಲರನು ಸೂಚಿತ ಬೆಲೆಗೇ ಕೊಟ್ಟು, ಕೊಂಡವನು ಮರುದಿನ ಹರಾಜಿಗೆ ಇಟ್ಟರೆ ಆ ಮರುಮಾರಾಟಗಾರನಿಗೆ. ಕೊಂಡವನು ಕಾರನ್ನು ಓಡಿಸುತ್ತ ಇಟ್ಟುಕೊಂಡರೆ ಮಾತ್ರ ಅದು ಗ್ರಾಹಕನ ಬಳಿ ಉಳಿಯುತ್ತದೆ. ಕಂಪನಿಗಳ ಮೇಲೆ ಹೇಳಿದ ಪ್ರತಿತಂತ್ರಗಳೆಲ್ಲ ಈ ಕೊನೆಯ ಸ್ಥಿತಿಯನ್ನು ಉಂಟುಮಾಡಲು ಹೂಡಿದವು.

ಡೀಲರುಗಳ ವಾದ ಇಲ್ಲಿಂದಲೇ ಹೊರಡುತ್ತದೆ. ನಾವು ಬಿಟ್ಟುಕೊಟ್ಟ ಹಣವನ್ನು ಮರುಮಾರಾಟಗಾರನು ಬಾಚಿಕೊಳ್ಳುವುದಾದರೆ, ಕಟ್ಟಡ ಕಟ್ಟಿ ಸಿಬ್ಬಂದಿಗೆ ಸಂಬಳ ಕೊಟ್ಟು ಕುಳಿತ ನಮಗೇ ಏಕೆ ಬರಬಾರದು ಎಂದು ಅವರು ಕೇಳುತ್ತಾರೆ. ಓಡದ ಕಾರುಗಳನ್ನು ನಷ್ಟಕ್ಕೆ ಮಾರುವಾಗ ಯಾರೂ ನಮ್ಮ ಬಗ್ಗೆ ಮರುಗುವುದಿಲ್ಲ ಎಂಬುದೂ ಅವರ ಮಾತು. ಇದರಲ್ಲಿ ಸತ್ಯಾಂಶವಿದೆ. ಆದರೆ ಕಂಪನಿಯ ದೃಷ್ಟಿ ಬೇರೆ. ಮಾರ್ಕಪ್‌ನಿಂದ ಕಂಪನಿಗೆ ಒಂದು ಡಾಲರೂ ಬರುವುದಿಲ್ಲ. ಮೋಸ ಹೋದೆನೆಂಬ ಗ್ರಾಹಕನ ಸಿಟ್ಟು ಮಾತ್ರ ಕಂಪನಿಯ ಹೆಸರಿಗೆ ಅಂಟುತ್ತದೆ. 2022ರ ಫೆಬ್ರವರಿಯಲ್ಲಿ ಫೋರ್ಡ್ ಮುಖ್ಯಸ್ಥ ಜಿಮ್ ಫಾರ್ಲಿ ಅವರು, ಹಿಂದಿನ ವರ್ಷ ತಮ್ಮ ಡೀಲರುಗಳಲ್ಲಿ ಶೇ. 10ರಷ್ಟು ಮಂದಿ ಹೆಚ್ಚಿಗೆ ಪಡೆದಿದ್ದಾರೆಂದೂ ಅವರು ಯಾರೆಂಬುದು ಕಂಪನಿಗೆ ಗೊತ್ತೆಂದೂ ಬಹಿರಂಗವಾಗಿ ಹೇಳಿದರು.

ಸರ್ಕಾರದ ಕಡೆಯಿಂದ ಮಾರ್ಕಪ್‌ಗೆ ಮಿತಿ ಹಾಕುವ ಪ್ರಯತ್ನ ಒಕ್ಕೂಟದ ಮಟ್ಟದಲ್ಲಿ ನಡೆದಿಲ್ಲ. ಫೆಡರಲ್ ಟ್ರೇಡ್ ಕಮಿಷನ್ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ನಿಯಮವು, ಕಾರಿನ ಪೂರ್ಣ ಬೆಲೆಯನ್ನು ಮೊದಲೇ ತಿಳಿಸಬೇಕು, ಉಪಯೋಗಕ್ಕೆ ಬಾರದ ಸೇರ್ಪಡೆಗಳಿಗೆ ಹಣ ಪಡೆಯಬಾರದು ಎಂದಷ್ಟೇ ಹೇಳಿತ್ತು. ಅದನ್ನೂ 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯವು ರದ್ದುಪಡಿಸಿತು.

ಕೊಳ್ಳುವವನ ಲೆಕ್ಕ

ಮಾರ್ಕಪ್ ಎಂಬುದು ಒಂದು ಸಲ ತೆತ್ತು ಮರೆಯುವ ಮೊತ್ತವಲ್ಲ. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಕಾರಿನ ಸೂಚಿತ ಬೆಲೆ 1,00,000 ಡಾಲರ್, ಮಾರ್ಕಪ್ 40,000 ಡಾಲರ್, ಮಾರಾಟ ತೆರಿಗೆ ಶೇ. 7 ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ ತೆರಿಗೆಯು ಸೂಚಿತ ಬೆಲೆಯ ಮೇಲಲ್ಲದೆ ನಿಜವಾಗಿ ಮಾರಿದ ಬೆಲೆಯ ಮೇಲೆ ಬೀಳುತ್ತದೆ. ಆದುದರಿಂದ ತೆರಿಗೆ 7,000ದ ಬದಲು 9,800 ಆಗಿ, ಒಟ್ಟು 1,49,800 ಡಾಲರ್ ತೆರಬೇಕಾಗುತ್ತದೆ. ಎರಡು ವರ್ಷಗಳ ಬಳಿಕ ಆ ಕಾರು ಮಾರುಕಟ್ಟೆಯಲ್ಲಿ ಸೂಚಿತ ಬೆಲೆಗೇ ಮಾರಾಟವಾಯಿತೆನ್ನೋಣ. ಕಾರಿನ ಮಟ್ಟಿಗೆ ಅದು ಅದ್ಭುತವಾದ ಬೆಲೆ, ಏಕೆಂದರೆ ಸಾಮಾನ್ಯ ಕಾರು ಅಷ್ಟರಲ್ಲಿ ಗಣನೀಯವಾಗಿ ಸವೆದಿರುತ್ತದೆ. ಆದರೂ ಮಾರ್ಕಪ್ ತೆತ್ತವನಿಗೆ 49,800 ಡಾಲರ್ ನಷ್ಟ. ಸೂಚಿತ ಬೆಲೆಗೆ ಕೊಂಡವನಿಗೆ 7,000 ಮಾತ್ರ.

ಸಾಲದ ತೊಡಕು ಇದಕ್ಕೆ ಸೇರುತ್ತದೆ. ಸಾಲ ಕೊಡುವ ಬ್ಯಾಂಕು ಕಾರಿನ ಮೌಲ್ಯವನ್ನು ಅಳೆಯುವಾಗ ಡೀಲರನ ಪುರವಣಿ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯದೆ ಇರಬಹುದು. ಆಗ ಹೆಚ್ಚುವರಿ ಹಣವನ್ನು ನಗದಾಗಿ ಹೊಂದಿಸಬೇಕು. ಹಿಡಿದು ಸಾಲ ಕೊಟ್ಟರೆ ಅಪಾಯ ಇನ್ನೂ ಹೆಚ್ಚು. ಬೆಲೆ ಇಳಿದ ದಿನ ಕಾರಿನ ಮೌಲ್ಯಕ್ಕಿಂತ ಸಾಲವೇ ದೊಡ್ಡದಾಗಿರುತ್ತದೆ, ಕಾರನ್ನು ಮಾರಿದರೂ ಸಾಲ ತೀರುವುದಿಲ್ಲ. ಅಪಘಾತದಲ್ಲಿ ಕಾರು ಪೂರ್ಣ ನಾಶವಾದರೆ ಸಾಮಾನ್ಯ ವಿಮೆಯು ಕೊಡುವುದು ಆ ದಿನದ ಮಾರುಕಟ್ಟೆ ಮೌಲ್ಯವನ್ನು, ಮಾಲೀಕನು ಶೋರೂಮಿನಲ್ಲಿ ತೆತ್ತ ಹಣವನ್ನಲ್ಲ. ಈ ಕಾರಣದಿಂದ ಅಪರೂಪದ ಕಾರುಗಳ ಮಾಲೀಕರು ಮೊದಲೇ ಮೌಲ್ಯವನ್ನು ಒಪ್ಪಿಕೊಂಡು ಬರೆಸುವ ವಿಶೇಷ ವಿಮೆಯನ್ನು ಮಾಡಿಸುತ್ತಾರೆ.

ಮಾರ್ಕಪ್ ಉಳಿಯುವುದೇ ಕರಗುವುದೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಪೂರೈಕೆ. ತಯಾರಿಕೆ ನಿಜವಾಗಿಯೂ ನಿಂತುಹೋಗುವ, ಅದರ ಗುಣಗಳುಳ್ಳ ಇನ್ನೊಂದು ಕಾರು ಬಾರದ ಮಾದರಿಗಳಲ್ಲಿ ಅದು ಉಳಿಯಬಹುದು. ಸಂಖ್ಯೆಯ ಮಿತಿಯಿಲ್ಲದೆ, ಮೊದಲ ವರ್ಷ ಮಾತ್ರ ಕೊರತೆಯಿರುವ ಮಾದರಿಗಳಲ್ಲಿ ಅದು ಕರಗುತ್ತದೆ. ಕಾರ್ವೆಟ್ ಜೆಡ್06 ಮೊದಲ ತಿಂಗಳುಗಳಲ್ಲಿ ಹರಾಜುಗಳಲ್ಲಿ ಸೂಚಿತ ಬೆಲೆಗಿಂತ ಬಹಳ ಮೇಲೆ ಮಾರಾಟವಾಯಿತು. ಕಾರ್ಖಾನೆಯು ಕಾರುಗಳನ್ನು ಕಳುಹಿಸುತ್ತ ಹೋದಂತೆ ಆ ಅಂತರ ಕಿರಿದಾಯಿತು. ಹೆಸರಿನಲ್ಲಿ ‘ಲಿಮಿಟೆಡ್’ ಎಂದಿದ್ದ ಮಾತ್ರಕ್ಕೆ ಸಂಖ್ಯೆ ಸೀಮಿತವೆಂದು ತಿಳಿಯಬಾರದು. ಎಷ್ಟು ಕಾರುಗಳೆಂದು ಕಂಪನಿಯು ಲಿಖಿತವಾಗಿ ಪ್ರಕಟಿಸಿದೆಯೇ ಎಂಬುದೇ ನೋಡಬೇಕಾದ ಅಂಶ. ಅದನ್ನೂ ಕಂಪನಿ ಹಿಗ್ಗಿಸಬಹುದೆಂಬುದಕ್ಕೆ ಎಫ್40 ಇದೆ. 500ಕ್ಕೆ ಅರ್ಜಿ ಕರೆದ ಹೊಸ ಫೋರ್ಡ್ ಜಿಟಿ ಕೂಡ ಕೊನೆಗೆ 1,350ಕ್ಕೆ ಬೆಳೆಯಿತು.

ಭಾರತದಲ್ಲಿ

ಭಾರತದಲ್ಲಿ ಡೀಲರುಗಳು ಕಂಪನಿಯು ಪ್ರಕಟಿಸಿದ ಎಕ್ಸ್-ಶೋರೂಮ್ ಬೆಲೆಗೆ ಮಾರುವುದೇ ವಾಡಿಕೆ. ಬೇಡಿಕೆ ಹೆಚ್ಚಿರುವ ಮಾದರಿಗಳಲ್ಲಿ ಹೆಚ್ಚುವರಿ ಹಣ ನೇರವಾಗಿ ಬೆಲೆಯಲ್ಲಿ ಕಾಣದೆ, ‘ಹ್ಯಾಂಡ್ಲಿಂಗ್ ಚಾರ್ಜ್’ ಎಂಬ ಹೆಸರಿನಲ್ಲಿಯೋ, ಡೀಲರನ ಬಳಿಯೇ ವಿಮೆ ಮತ್ತು ಬಿಡಿ ಸಲಕರಣೆಗಳನ್ನು ಕೊಳ್ಳಬೇಕೆಂಬ ಒತ್ತಾಯದಲ್ಲಿಯೋ ಕಾಣಿಸಿಕೊಳ್ಳುತ್ತದೆ.

ಆದರೆ ಕೊರತೆಯ ಬೆಲೆ ಏನೆಂಬುದನ್ನು ಹಿಂದಿನ ತಲೆಮಾರಿನವರು ಚೆನ್ನಾಗಿ ಬಲ್ಲರು. ಪರ್ಮಿಟ್ ರಾಜ್ಯದ ಕಾಲದಲ್ಲಿ ಫಿಯಟ್ ಕಾರಿಗೂ ಬಜಾಜ್ ಸ್ಕೂಟರಿಗೂ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ವಿದೇಶಿ ವಿನಿಮಯದಲ್ಲಿ ಹಣ ಕೊಟ್ಟವರಿಗೆ ಬೇಗನೆ ಸಿಗುತ್ತಿತ್ತು. ಸರದಿಯಲ್ಲಿ ಸ್ಕೂಟರ್ ಪಡೆದವನು ಅದನ್ನು ಮನೆಗೆ ತರುವ ಮೊದಲೇ ಹೆಚ್ಚಿನ ಹಣಕ್ಕೆ ಕೇಳುವವರು ಬಾಗಿಲಲ್ಲಿರುತ್ತಿದ್ದರು. ವಾಹನಕ್ಕೆ ಅದರ ಬೆಲೆಯಲ್ಲದೆ ‘ಪ್ರೀಮಿಯಂ’ ಎಷ್ಟು ಎಂಬುದೂ ಮಾತಿನಲ್ಲಿ ಬರುತ್ತಿತ್ತು. ಈ ಕಾಳಸಂತೆಯನ್ನು ತಡೆಯಲು ಕೇಂದ್ರ ಸರ್ಕಾರವು 1959ರಲ್ಲಿ ಮೋಟಾರು ಕಾರುಗಳ ಹಾಗೂ 1960ರಲ್ಲಿ ಸ್ಕೂಟರುಗಳ ಹಂಚಿಕೆ ಮತ್ತು ಮಾರಾಟ ನಿಯಂತ್ರಣ ಆದೇಶಗಳನ್ನು ಹೊರಡಿಸಿತು. ಹೊಸ ವಾಹನವನ್ನು ಕೊಂಡವನು ನಿರ್ದಿಷ್ಟ ಅವಧಿ ಮುಗಿಯುವವರೆಗೆ ಅನುಮತಿಯಿಲ್ಲದೆ ಅದನ್ನು ಮಾರುವಂತಿರಲಿಲ್ಲ.